ಸೈಕಲ್ಲಿಗೆ ಕೈ ಹಚ್ಚಬ್ಯಾಡ್ರಿ

ನಮ್ಮ ಜಿಲ್ಲೆಯ ಗಂಡಸರಿಗೆ ಒಂದು ಚಟವಿದೆ. ನಿಲ್ಲಿಸಿಟ್ಟ ಸೈಕಲ್ಲು ಕಂಡರೆ ಅವರು ಸುಮ್ಮನೆ ಹಾದುಹೋಗಲಾರರು. ಹತ್ತಿರ ಬಂದು ಹೆಬ್ಬೆರಳಿನಿಂದ ಟೈರು ಒತ್ತಿ ನೋಡಬೇಕು, ಬ್ರೇಕು ಹಿಂಡಬೇಕು. ಗೇರು ಇದ್ದರಂತೂ ಮುಗಿದೇ ಹೋಯಿತು, ಅದನ್ನು ಟಕಟಕ ಅನ್ನಿಸಿ ಆಮೇಲೆ ‘ಎಷ್ಟಕ್ಕ ತೊಗೊಂಡ್ರಿ?’ ಎಂದು ಕೇಳಬೇಕು. ಸೈಕಲ್ಲು ಯಾರದು, ಕೇಳದೆ ಮುಟ್ಟಬಹುದೇ ಎಂಬ ಯೋಚನೆಯೇ ಇಲ್ಲ. ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡುವ ಹಾಗೆ ನೋಡುತ್ತಾರೆ.

ಸ್ಪರ್ಧೆಯ ದಿನ ಬೆಳಿಗ್ಗೆ ಶಹಾಪುರದ ಕೆರೆಯ ದಂಡೆಯ ಮೇಲೆ ನನ್ನ ಸೈಕಲ್ಲು ನಿಲ್ಲಿಸಿ, ಒಂದು ಚಹಾ ಕುಡಿದು ಬರುವಷ್ಟರಲ್ಲಿ ಅದರ ಸುತ್ತ ಮಂದಿ ಸೇರಿದ್ದರು. ಒಬ್ಬ ಹಿರಿಯರು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಗೇರು ಬದಲಿಸುತ್ತಿದ್ದರು. ಚೈನು ಕರಕರ ಅನ್ನುತ್ತಿತ್ತು.

‘ಕೈ ಹಚ್ಚಬ್ಯಾಡ್ರಿ!’ ಎಂದು ಕೂಗುತ್ತ ಓಡಿಬಂದೆ.

‘ನೋಡಾಕತ್ತೀವ್ರಿ ಅಷ್ಟ. ನೋಡಿದ್ರ ಸವೀತದೇನು?’ ಎಂದರು ಹಿರಿಯರು. ಪೆಡಲಿನಿಂದ ಕೈ ತೆಗೆದು, ‘ಎಷ್ಟಕ್ಕ ತೊಗೊಂಡ್ರಿ?’ ಎಂದೂ ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. ಹಿಂದಿನ ದಿನ ಅರ್ಧ ದಿನ ಕೂತು ಹೊಂದಿಸಿದ್ದ ಗೇರು ಅದು. ಯಾದಗಿರಿಯಲ್ಲಿ ಪಂಕ್ಚರ್ ಅಂಗಡಿಯವರಿಗೆ ಈ ಸೈಕಲ್ಲು ಕಂಡರೆ ಆಗುವುದಿಲ್ಲ; ‘ಇದು ನಮ್ಮ ಲೈನ್ ಅಲ್ರಿ ಸರ’ ಎಂದು ಕೈ ಮುಗಿದುಬಿಡುತ್ತಾರೆ. ಎಲ್ಲವನ್ನೂ ನಾನೇ ಮಾಡಿಕೊಳ್ಳಬೇಕು. ನಾನೋ ಗಣಿತದ ಮಾಸ್ತರ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಕೈಗೆ ಸ್ಕ್ರೂಡ್ರೈವರು ಎಷ್ಟು ಒಗ್ಗೀತು?

ಸಕ್ಕರೆ ಕಾಯಿಲೆ ಬರುತ್ತದೆಂದು ಡಾಕ್ಟರು ಹೆದರಿಸಿದ ವರ್ಷ ನಾನು ಆ ಸೈಕಲ್ಲು ಕೊಂಡೆ. ದಿನಾ ಬೆಳಿಗ್ಗೆ ರಾಮಸಮುದ್ರದ ತನಕ ಹೋಗಿಬರುತ್ತಿದ್ದೆ. ಮನೆಗೆ ಬಂದು ಅದನ್ನು ಒರೆಸುತ್ತ ಕೂತರೆ ಹೆಂಡತಿ, ‘ಮುಗೀತೇನು ನಿಮ್ಮ ಎರಡನೇ ಸಂಸಾರ?’ ಎನ್ನುತ್ತಿದ್ದಳು. ಹೀಗಿರುವಾಗ ಶಹಾಪುರ, ಸುರಪುರದ ಕಡೆ ಟ್ರಯಥ್ಲಾನ್ ನಡೆಯುತ್ತದೆಂದು ಸುದ್ದಿ ಬಂತು. ಮೊದಲು ಈಜಬೇಕು, ಆಮೇಲೆ ಸೈಕಲ್ಲು ತುಳಿಯಬೇಕು, ಕೊನೆಗೆ ಓಡಬೇಕು. ಮೂರನ್ನೂ ಒಬ್ಬರೇ ಮಾಡಬಹುದು, ಇಲ್ಲವೇ ಮೂವರು ಸೇರಿ ಒಂದೊಂದು ಮಾಡಬಹುದು. ನಾವು ಮೂವರು ಸೇರಿದೆವು.

ಈಜುವವನು ಭೀಮಾ ದಂಡೆಯ ಮೀನುಗಾರರ ಮನೆಯವನು, ನಾವು ಮೀನು ಕೊಳ್ಳುವುದು ಅವನ ಹತ್ತಿರವೇ. ಓಡುವವಳು ಸುರಪುರದ ಆಚೆ, ಬೋನಾಳದ ದಾರಿಯಲ್ಲಿ ಹೊಲವಿರುವ ಸಣ್ಣ ರೈತನ ಮಗಳು. ಡಿಗ್ರಿ ಮುಗಿಸಿದ್ದಳು. ಶಾಲೆಯ ಮಕ್ಕಳನ್ನು ಆಟಕ್ಕೆ ಕರೆದುಕೊಂಡು ಸುರಪುರಕ್ಕೆ ಹೋಗಿದ್ದಾಗ ಅವಳು ಮೈದಾನ ಸುತ್ತುವುದನ್ನು ನೋಡಿ ಬಾಯಿ ತೆರೆದು ನಿಂತಿದ್ದೆ. ಅವಳಪ್ಪನನ್ನು ಮಾತ್ರ ಎಂದೂ ನೋಡಿರಲಿಲ್ಲ.

ನನಗೂ ಮೀನುಗಾರನಿಗೂ ಈ ಸ್ಪರ್ಧೆ ಒಂದು ಶೋಕಿ. ಹುಡುಗಿಗೆ ಹಾಗಲ್ಲ. ಕಲಬುರಗಿಯಲ್ಲಿ ದೈಹಿಕ ಶಿಕ್ಷಣದ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು, ಸೇರಲು ಅದೇ ವಾರ ಕೊನೆ. ಅಪ್ಪ ಒಪ್ಪಿರಲಿಲ್ಲ, ಒಪ್ಪುವುದಿಲ್ಲ ಎಂದೂ ಅಂದಿರಲಿಲ್ಲ. ಅವನು ಏನಂದನೆಂದು ಅವಳು ನನಗೆ ಫೋನಿನಲ್ಲಿ ಹೇಳಿದ್ದಳು: ‘ಓಟ ಕಲಿಸಾಕ ಕಾಲೇಜ್ ಯಾಕ ಬೇಕು? ನೀ ಓಡೂದು ಒಮ್ಮೆ ನನ್ನ ಕಣ್ಣಿಲೆ ನೋಡ್ತೀನಿ. ನೋಡಿದ ಮ್ಯಾಲ ಹೋಗಂದ್ರ ಹೋಗು, ಬ್ಯಾಡಂದ್ರ ಬ್ಯಾಡ, ಅಂದಾನ್ರಿ ಸರ್.’

‘ರಾಶಿ ದಿನದಾಗ ನಿಮ್ಮಪ್ಪ ಹೊಲಾ ಬಿಟ್ಟು ಬರ್ತಾನೇನು?’ ಎಂದು ಕೇಳಿದ್ದೆ; ಬೆಳೆ ಒಕ್ಕುವ ಕಾಲ ಅದು.

‘ಬರ್ತಾನ್ರಿ. ನಾ ಎಲ್ಲಾ ವ್ಯವಸ್ಥಾ ಮಾಡೀನಿ’ ಎಂದಿದ್ದಳು. ಏನು ವ್ಯವಸ್ಥೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸ್ಪರ್ಧೆಯ ನಿಯಮ ಸರಳ. ಕಾಲಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಈಜಿ ಬಂದವನು ಅದನ್ನು ಬಿಚ್ಚಿ ಸೈಕಲ್ಲಿನವನಿಗೆ ಕೊಡಬೇಕು, ಸೈಕಲ್ಲಿನವನು ಬೋನಾಳದ ಕೆರೆಯ ಹತ್ತಿರ ಓಡುವವಳಿಗೆ ಕೊಡಬೇಕು. ಗಡುವಿನೊಳಗೆ ಪಟ್ಟಿ ಬೋನಾಳ ಮುಟ್ಟದಿದ್ದರೆ ಅವಳನ್ನು ಓಡಲಿಕ್ಕೇ ಬಿಡುವುದಿಲ್ಲ. ದಾರಿಯಲ್ಲಿ ಸೈಕಲ್ಲು ಕೆಟ್ಟರೆ ತುಳಿಯುವವನೇ ರಿಪೇರಿ ಮಾಡಿಕೊಳ್ಳಬೇಕು. ದೂಡಿಕೊಂಡು ಬರಲಿ, ಹೊತ್ತುಕೊಂಡು ಬರಲಿ, ಅಡ್ಡಿಯಿಲ್ಲ. ಬೇರೆಯವರು ಕೈ ಹಚ್ಚಿದರೆ ಮಾತ್ರ ಮೂವರೂ ಔಟು. ಈ ಕೊನೆಯ ನಿಯಮ ಮಾಡಿದವರು ನಮ್ಮ ಕಡೆಯ ಮಂದಿಯನ್ನು ಕನಸಿನಲ್ಲೂ ಕಂಡವರಲ್ಲ.

ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಈಜು ಶುರುವಾಯಿತು. ನಮ್ಮ ಮೀನುಗಾರ ಎಲ್ಲರಿಗಿಂತ ಮೊದಲು ದಂಡೆ ಹತ್ತಿದ. ಏದುಸಿರು ಕೂಡ ಇಲ್ಲ. ಪಟ್ಟಿ ಬಿಚ್ಚಿ ನನ್ನ ಕಾಲಿಗೆ ಕಟ್ಟುತ್ತ, ‘ಸರ, ನಾ ಗಳಿಸಿ ಕೊಟ್ಟೀನಿ. ನೀವು ಕಳೀಬ್ಯಾಡ್ರಿ’ ಎಂದ.

ಕಳೆಯುವ ಕೆಲಸ ಊರು ಬಿಡುವ ಮೊದಲೇ ಶುರುವಾಯಿತು. ಹಿರಿಯರು ಆಡಿಸಿದ ಗೇರು ತನ್ನಷ್ಟಕ್ಕೆ ತಾನೇ ಜಿಗಿಯತೊಡಗಿತು. ಏರಿನಲ್ಲಿ ಹಗುರ ಗೇರು ಹಾಕಿದರೆ ಅದು ಭಾರದ್ದಕ್ಕೆ ಹೋಗುತ್ತದೆ, ಇಳುಕಲಿನಲ್ಲಿ ಭಾರದ್ದು ಹಾಕಿದರೆ ಕಾಲು ಗಾಳಿಯಲ್ಲಿ ತಿರುಗುತ್ತದೆ. ನನ್ನನ್ನು ದಾಟಿ ಹೋದವರೆಲ್ಲ ಕಲಬುರಗಿ, ರಾಯಚೂರಿನ ಡಾಕ್ಟರುಗಳು, ಇಂಜಿನಿಯರುಗಳು. ‘ಕಮಾನ್ ಸರ್!’ ಎಂದು ಹುರಿದುಂಬಿಸಿ ಹೋಗುತ್ತಿದ್ದರು. ಯಾವನಿಗೆ ಬೇಕಿತ್ತು ಅವರ ಕಮಾನು!

ಸುರಪುರದ ಹತ್ತಿರ ಜಾಲಿ ಮುಳ್ಳು ನೆಟ್ಟು ಹಿಂದಿನ ಟೈರು ಪುಸ್ಸೆಂದಿತು. ನಿಂತದ್ದು ಒಂದು ಚಹಾದಂಗಡಿಯ ಮುಂದೆ. ಇದಕ್ಕಿಂತ ಕೆಟ್ಟ ಜಾಗ ಬೇಕೆಂದರೂ ಸಿಗುತ್ತಿರಲಿಲ್ಲ. ನಾನು ಗಾಲಿ ಬಿಚ್ಚುವಷ್ಟರಲ್ಲಿ ಅಂಗಡಿ ಖಾಲಿಯಾಗಿ ಎಲ್ಲರೂ ನನ್ನ ಸುತ್ತ ಇದ್ದರು. ಒಬ್ಬ ಹ್ಯಾಂಡಲು ಹಿಡಿದ, ಇನ್ನೊಬ್ಬ ಗಾಲಿಗೆ ಕೈ ಹಾಕಿದ.

‘ಬಿಡ್ರೀ! ಕೈ ಹಚ್ಚಬ್ಯಾಡ್ರಿ! ನೀವು ಹಚ್ಚಿದ್ರ ನನ್ನ ಹೊರಗ ಹಾಕ್ತಾರ!’

‘ಯಾರ್ ಹಾಕ್ತಾರ? ಹಾಕ್ಲಿ ನೋಡೋಣು!’ ಎಂದು ಒಬ್ಬ ತೋಳು ಏರಿಸಿದ. ಅವನನ್ನು ಸಮಾಧಾನ ಮಾಡಲು ಒಂದಿಷ್ಟು ಹೊತ್ತು ಹೋಯಿತು. ಅಂಗಡಿಯವನು ಚಹಾ ತಂದು ಮೂಗಿನ ಮುಂದೆ ಹಿಡಿದ. ‘ಇದಕ್ಕರ ಪರವಾನಗಿ ಅದ ಇಲ್ರಿ?’ ಎಂದು ಕೇಳಿದ. ಅಷ್ಟರಲ್ಲಿ ಮೋಟಾರ್ ಸೈಕಲ್ ಮೇಲೆ ತಿರುಗುತ್ತಿದ್ದ ರೆಫರಿ ಬಂದು ನಿಂತರು. ರಾಯಚೂರ ಕಡೆಯ ದಪ್ಪ ಮೀಸೆಯವರು. ಕೊರಳಲ್ಲಿ ಸೀಟಿ. ಎಲ್ಲರ ಕೈಗಳನ್ನೇ ನೋಡುತ್ತ ನಿಂತರು. ಟ್ಯೂಬು ಬದಲಿಸಿ, ಬೆರಳು ಚಿವುಟಿಸಿಕೊಂಡು, ಗಾಳಿ ಹೊಡೆದು ಹತ್ತಿದಾಗ ಮೀನುಗಾರ ಗಳಿಸಿಕೊಟ್ಟ ಹೊತ್ತೆಲ್ಲ ಮುಗಿದು ಸಾಲ ಮೈಮೇಲೆ ಬಂದಿತ್ತು. ಆದರೂ ಜೋರಾಗಿ ಹೋದರೆ ಗಡುವಿನೊಳಗೆ ಮುಟ್ಟಬಹುದಿತ್ತು.

ಬೋನಾಳದ ದಾರಿ ಹಿಡಿದೆ. ಎರಡೂ ಕಡೆ ತೊಗರಿ, ಹತ್ತಿ. ಒಂದು ತಿರುವು ಬಂತು. ತಿರುವಿನ ಆಚೆ ರಸ್ತೆಯೇ ಇರಲಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಒಣಗಿದ ಹುರಳಿಯ ಬಳ್ಳಿಯನ್ನು ದಪ್ಪಗೆ ಹಾಸಿದ್ದರು. ಕಣ ಮಾಡಿ ಎತ್ತಿನಿಂದ ತುಳಿಸುವುದು ಈಗ ಯಾರಿಗೂ ಬೇಡ. ಬೆಳೆ ತಂದು ಡಾಂಬರಿನ ಮೇಲೆ ಹರವಿದರೆ ಬಸ್ಸು, ಟ್ರ್ಯಾಕ್ಟರು ಹಾದುಹೋದಂತೆ ಕಾಯಿ ಒಡೆದು ಕಾಳು ತಾನಾಗಿ ಉದುರುತ್ತದೆ. ಅದೆಲ್ಲ ನನಗೆ ಗೊತ್ತು. ಆದರೆ ಇವತ್ತೇ? ಇಲ್ಲೇ? ಮೂರು ದಿನ ಮೈಕಿನಲ್ಲಿ ಕೂಗಿಸಿದ ಮೇಲೂ?

ಇಳಿದು, ಸೈಕಲ್ಲು ಹೆಗಲಿಗೇರಿಸಿ ದಾಟಬೇಕಿತ್ತು. ಸಿಟ್ಟಿನಲ್ಲಿ ಬುದ್ಧಿ ಎಲ್ಲಿರುತ್ತದೆ? ಹಲ್ಲು ಕಡಿದು ಜೋರಾಗಿ ತುಳಿದು ನುಗ್ಗಿದೆ. ನಡುವಿನ ತನಕ ಹೋಯಿತು. ಆಮೇಲೆ ಹಿಂದಿನಿಂದ ‘ಕಟಕ್’ ಎಂಬ ಸದ್ದು ಬಂತು, ಗಾಲಿ ಬಿಗಿದುಕೊಂಡಿತು, ನಾನು ಸೈಕಲ್ಲಿನ ಸಮೇತ ಹುರಳಿಯ ಮೇಲೆ ಮಲಗಿದೆ. ಬಿದ್ದದ್ದು ಮೆತ್ತಗಿತ್ತು, ಅದೊಂದೇ ಪುಣ್ಯ.

ಬೇವಿನ ನೆರಳಿನಿಂದ ಒಬ್ಬ ರೈತ ಕುಡಗೋಲು ಹಿಡಿದು ಓಡಿಬಂದ. ಧೋತರ ಮೇಲೆ ಕಟ್ಟಿದ್ದ, ತಲೆಗೆ ಟವೆಲ್ಲು. ಹಿಂದೆ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು.

‘ಪೆಟ್ಟಾತೇನ್ರಿ?’

‘ಇಲ್ಲ.’

‘ಮತ್ಯಾಕ ನಿಂತ್ರಿ? ಇನ್ನೊಂದ್ ನಾಕ್ ಸುತ್ತು ಹೊಡೀರಲ್ಲ!’

ನನ್ನ ಸಿಟ್ಟು ನೆತ್ತಿಗೇರಿತು. ‘ಏನ್ ಹೊಡಿಯೂದ್ರೀ? ರಸ್ತಾ ಮ್ಯಾಲ ಯಾಕ ಹಾಸೀರಿ ಇದನ್ನ? ಇವತ್ತ ಸ್ಪರ್ಧಾ ಅದ ಅಂತ ಗೊತ್ತಿಲ್ಲೇನು?’

‘ಗೊತ್ತದಲ್ರೀ! ಗೊತ್ತಿದ್ದೇ ಹಾಸೀವಿ. ಸಾಲು ಹಚ್ಚಿ ಗಾಡಿ ಬರ್ತಾವ, ಮುಂಜಾನಿಗೇ ಹುಳ್ಳಿ ರಾಶಿ ಮುಗೀತದ ಅಂತ ನನ್ನ ಮಗಳು ಹೇಳ್ಯಾಳ. ನೋಡಿದ್ರ ಬರೇ ಸೈಕಲ್! ಅದ್ರಾಗ ಬಂದೋರೆಲ್ಲ ಇಳದು, ಹೆಗಲ ಮ್ಯಾಲ ಹೊತಗೊಂಡು ಹೊಲದಾಗ ಹಾದು ಹೋದ್ರು. ಒಬ್ಬರೂ ಮ್ಯಾಲ ಹೊಡೀಲಿಲ್ಲ. ನೀವೊಬ್ಬರೇ ನೋಡ್ರಿ ಬಂಗಾರದಂಥ ಮನಷ್ಯಾ!’

ನಾನು ಹಿಂದಿನ ಗಾಲಿಯನ್ನು ನೋಡುತ್ತಿದ್ದವನು ತಲೆ ಎತ್ತಿದೆ. ‘ನಿಮ್ಮ ಮಗಳು?’

‘ಹೂಂನ್ರಿ. ಅಕಿನೂ ಇದ್ರಾಗ ಅದಾಳ. ಬೋನಾಳದಾಗ ನಿಂತಾಳ. ಯಾವನೋ ಮಾಸ್ತರ ಸೈಕಲ್ ಮ್ಯಾಲ ಬರ್ತಾನಂತ, ಅವ ಮುಟ್ಟಿದ ಮ್ಯಾಲ ಅಕಿ ಓಡೂದು. ಅಷ್ಟ್ರಾಗ ಇದನ್ನ ಮುಗಿಸಿ ನಾ ಅಲ್ಲಿ ಹೋಗಿ ನಿಂದರಬೇಕು. ಆ ಮಾಸ್ತರ ಹ್ವಾದನೋ ಏನೋ. ದಾರ್ಯಾಗ ಕಂಡೀರೇನು?’

‘ಆ ಮಾಸ್ತರ ನಾನೇ ಅದೀನಿ!’ ಎಂದು ಚೀರಿದೆ. ಬೇವಿನ ಮರದ ಕಾಗೆಗಳು ಎದ್ದು ಹಾರಿದವು.

ಅವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಹುರಳಿಯನ್ನು ನೋಡಿದ. ಮುಖದ ಬಣ್ಣವೇ ಹೋಯಿತು. ‘ಯಪ್ಪಾ ಶಿವನೇ!’ ಎಂದವನೇ ಕುಡಗೋಲು ಎತ್ತಿ ನನ್ನ ಸೈಕಲ್ಲಿನ ಮೇಲೆ ಬಾಗಿದ.

‘ಕೈ ಹಚ್ಚಬ್ಯಾಡ್ರಿ! ನೀವು ಮುಟ್ಟಿದ್ರ ನಿಮ್ಮ ಮಗಳನ್ನ ಓಡಾಕ ಬಿಡೂದಿಲ್ಲ!’

‘ಇದು ಎಂಥಾ ಆಟರೀ? ಬಿದ್ದ ಮನಷ್ಯಾಗ ಕೈ ಕೊಡಬಾರದಂದ್ರ?’

ಅದೇ ಹೊತ್ತಿಗೆ ಮೀಸೆಯ ರೆಫರಿ ಮೋಟಾರ್ ಸೈಕಲ್ ಮೇಲೆ ತಿರುವು ದಾಟಿ ಬಂದರು. ಗಾಡಿ ನಿಲ್ಲಿಸಿ ಮೊದಲು ಕುಡಗೋಲು ನೋಡಿದರು, ಆಮೇಲೆ ನನ್ನನ್ನು. ‘ಅದನ್ನ ಇಸಗೊಂಡ್ರೂ ನಡೆಯೂದಿಲ್ರಿ ಮಾಸ್ತರ್ರ. ನಿಮ್ಮ ಸಾಮಾನಿಲೇ ಮಾಡಬೇಕು’ ಎಂದರು. ಗಾಳಿಯ ಪಂಪು ಬಿಟ್ಟರೆ ನನ್ನ ಸಾಮಾನು ಎಂದರೆ ಒಂದು ಚಿಕ್ಕ ಸ್ಪ್ಯಾನರು ಮತ್ತು ಮನೆಯ ಬೀಗದ ಕೈ.

ರೈತ ಕುಡಗೋಲನ್ನು ಹೊಲದೊಳಗೆ ಎಸೆದ. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ನನ್ನ ತಲೆಯ ಮೇಲೇ ನಿಂತ. ಕೈಯೇನೋ ಕಟ್ಟಿತು, ಬಾಯಿ ಯಾರು ಕಟ್ಟಬೇಕು? ನಾನು ಕುಕ್ಕರಗಾಲಿನಲ್ಲಿ ಕೂತು ಬೀಗದ ಕೈಯಿಂದ, ಹಲ್ಲಿನಿಂದ ಬಳ್ಳಿ ಹರಿಯುತ್ತಿದ್ದರೆ ಅವನು ಮೇಲಿನಿಂದ ಸುರಿಸುತ್ತಲೇ ಇದ್ದ. ‘ಎಡಕ್ಕ ಎಳೀರಿ. ಎಡಕ್ಕ!’ ಎಡಕ್ಕೆ ಎಳೆದರೆ ಇನ್ನಷ್ಟು ಬಿಗಿಯಿತು. ‘ಅಯ್ಯ, ಬಲಕ್ಕ ಎಳೀಬೇಕಿತ್ತಲ್ರಿ!’ ನನಗೆ ತಲೆ ಚಿಟ್ಟು ಹಿಡಿಯಿತು. ‘ಸುಮ್ಮ ನಿಂದರ್ತೀರೇನು?’ ಎಂದು ಗದರಿದೆ. ಅವನೂ ನನ್ನ ಪಕ್ಕ ಕುಕ್ಕರಿಸಿದ. ‘ಮಾಸ್ತರ್ರ, ಅಕಿ ವಾರದಿಂದ ನಿದ್ದಿ ಮಾಡಿಲ್ರಿ. ಜಲ್ದಿ ನೋಡ್ರಿ’ ಎಂದ. ಈ ಸಲ ದನಿ ಸಣ್ಣದಾಗಿತ್ತು.

ಬಳ್ಳಿ ಬಂತು. ಅದರ ಜೊತೆ ಗೇರಿನ ತೋಳೂ ಬಂತು. ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ದಾಟಿಸುವ ಆ ತುಂಡು ಮುರಿದು ನನ್ನ ಅಂಗೈಯಲ್ಲಿತ್ತು. ಗಾಲಿ ತಿರುಗುತ್ತಿತ್ತು, ತುಳಿದರೆ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಅಳು ಬರುವುದೊಂದು ಬಾಕಿ. ಒಂದು ತಿಂಗಳಿಂದ ಮೈ ಮುರಿದು ತಯಾರಿ ಮಾಡಿದ್ದು ಹುರಳಿಯ ಪಾಲಾಯಿತಲ್ಲ ಎಂದು ಹೊಟ್ಟೆ ಉರಿಯಿತು. ನನ್ನದು ಹೋದರೆ ಹೋಗಲಿ, ಅಲ್ಲಿ ಬೂಟು ಕಟ್ಟಿ ನಿಂತವಳ ಗತಿಯೇನು?

‘ಬರ್ರಿ, ನನ್ನ ಗಾಡಿ ಅದ, ಬಿಟ್ಟು ಬರ್ತೀನಿ’ ಎಂದ ರೈತ. ರೆಫರಿ ತಲೆ ಅಲ್ಲಾಡಿಸಿದರು.

‘ಮತ್ತೇನ್ ಮಾಡಬೇಕ್ರೀ ಈ ಮನಷ್ಯಾ?’ ಎಂದು ಅವನು ರೆಫರಿಯ ಮೇಲೇ ಎಗರಿದ.

‘ಓಡಬೇಕು. ದೂಡಿಕೋತ’ ಎಂದರು ರೆಫರಿ.

ಓಡಿದೆ. ಏರಿನಲ್ಲಿ ಸೈಕಲ್ಲು ದೂಡುತ್ತ, ಇಳುಕಲು ಬಂದಾಗ ಅದರ ಮೇಲೆ ಕೂತು ಜಾರುತ್ತ. ಸೈಕಲ್ ತುಳಿಯುವ ಬೂಟಿನ ಅಡಿ ಕಟ್ಟಿಗೆಯ ಹಾಗೆ ಬಿರುಸು. ಹೆಜ್ಜೆಗೊಮ್ಮೆ ಜಾರುತ್ತಿತ್ತು, ಹಿಮ್ಮಡಿಯ ಚರ್ಮ ಸುಲಿಯಿತು. ಅರ್ಧ ದಾರಿಯಲ್ಲಿ ಪಕ್ಕಕ್ಕೆ ನೋಡಿದರೆ ರೈತ ನನ್ನ ಜೊತೆ ಓಡುತ್ತಿದ್ದ. ಹುರಳಿಯನ್ನು ಹೆಂಗಸರಿಗೆ ಬಿಟ್ಟು, ಗಾಡಿಯನ್ನೂ ಮರೆತು, ಚಪ್ಪಲಿ ಎಲ್ಲೋ ಕಳಚಿ, ಕೈಗಳನ್ನು ಇನ್ನೂ ಕಂಕುಳಲ್ಲೇ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಓಡುತ್ತಿದ್ದ. ನಾನು ಕಮ್ಮಾರನ ತಿದಿಯ ಹಾಗೆ ಉಸಿರು ಬಿಡುತ್ತಿದ್ದರೆ ಅವನು ಆರಾಮಾಗಿ ಮಾತಾಡುತ್ತಿದ್ದ. ಹುಡುಗಿಯ ಕಾಲು ಯಾರ ಕಡೆಯಿಂದ ಬಂದದ್ದೆಂದು ಆಗ ತಿಳಿಯಿತು.

‘ಅಕಿ ಖರೇನೇ ಛಲೋ ಓಡ್ತಾಳೇನ್ರಿ?’

‘ಓಡ್ತಾಳ.’

‘ಭಾಳ ಛಲೋ?’

‘ಮಾತಾಡಸಬ್ಯಾಡ್ರಿ ಮಾರಾಯ್ರ, ಜೀವಾ ಹೋಗಾಕತ್ತದ!’

ಬೋನಾಳದ ಕೆರೆಯ ಏರಿ ಕಂಡಾಗ ಅಲ್ಲಿ ಆಗಲೇ ದಾರಿಗೆ ಅಡ್ಡ ಹಗ್ಗ ಎಳೆಯಲು ತಯಾರಿ ನಡೆದಿತ್ತು. ಹಗ್ಗದ ಆಚೆ ಹುಡುಗಿ ಒಬ್ಬಳೇ ನಿಂತಿದ್ದಳು. ಬೇರೆ ತಂಡದವರೆಲ್ಲ ಓಡಿಹೋಗಿದ್ದರು. ಒಬ್ಬ ಅಧಿಕಾರಿ ಗಡಿಯಾರ ನೋಡುತ್ತ ಅವಳಿಗೆ ಏನೋ ಹೇಳುತ್ತಿದ್ದ, ಅವಳು ಕೇಳಿಸಿಕೊಳ್ಳದೆ ರಸ್ತೆಯನ್ನೇ ನೋಡುತ್ತಿದ್ದಳು. ನಾನು ಕೂಗಲು ಬಾಯಿ ತೆರೆದರೆ ದನಿಯೇ ಬರಲಿಲ್ಲ. ಕೂಗಿದವನು ಅವಳಪ್ಪ. ‘ತಡೀರೀ! ಮಾಸ್ತರ ಬಂದಾನ! ಬಂದಾನ್ರೀ ಮಾಸ್ತರ!’ ಕೆರೆಯ ಹಕ್ಕಿಗಳೆಲ್ಲ ಗುಂಪಾಗಿ ಎದ್ದವು.

ಅಧಿಕಾರಿ ಹಗ್ಗ ಕೆಳಗಿಳಿಸಿದ. ಇನ್ನೂ ಸ್ವಲ್ಪ ಹೊತ್ತಿತ್ತು, ಬಹಳ ಇರಲಿಲ್ಲ.

ಪಟ್ಟಿ ಬಿಚ್ಚಲು ಬಾಗಿದರೆ ಬೆವರಿಗೆ ಬೆರಳು ಜಾರುತ್ತಿತ್ತು. ಅವಳೇ ಕೂತು ಬಿಚ್ಚಿಕೊಂಡಳು. ಇಡೀ ದಾರಿ ನಾನು ಈ ಹುಡುಗಿಗೆ ಏನೇನು ಬೈಯಬೇಕೆಂದು ಸಾಲು ಕೂಡಿಸಿಕೊಂಡು ಬಂದಿದ್ದೆ. ಅವಳ ಕಣ್ಣು ಹಿಂದಿನ ಗಾಲಿಯ ಮೇಲೆ ಬಿತ್ತು. ಅಲ್ಲಿ ಇನ್ನೂ ಒಂದು ಹಿಡಿ ಬಳ್ಳಿ ಜೋತಾಡುತ್ತಿತ್ತು.

‘ಸರ್, ಇದು ನಮ್ಮ ಹುಳ್ಳಿ ಏನ್ರಿ?’

ಕೂಡಿಸಿದ ಸಾಲೆಲ್ಲ ಮರೆತುಹೋಯಿತು. ‘ಹೌದು. ನಿಮ್ಮಪ್ಪ ಬಂದಾನ ನೋಡು’ ಎಂದೆ.

ಅವಳು ತಿರುಗಿದಳು. ‘ಅಪ್ಪಾ, ರಾಶಿ ಆತೇನು?’

‘ಆತು, ಎಲ್ಲಾ ಆತು. ನೀ ಓಡು!’ ಎಂದ ಅವನು. ಅಲ್ಲಿ ಒಂದು ಸೇರು ಕಾಳೂ ಉದುರಿರಲಿಲ್ಲ.

ಅವಳು ಓಡಿದಳು. ಏರಿಯ ಉದ್ದಕ್ಕೂ, ಆಚೆ ಹೊಲದ ದಾರಿ ಸುತ್ತಿ, ಮತ್ತೆ ಏರಿಗೆ ಬರಬೇಕು. ನಾವಿಬ್ಬರೂ ಗುರಿಯ ಗೆರೆಯ ಹತ್ತಿರ ನೆಲದ ಮೇಲೆ ಕೂತೆವು. ಅವನು ಕೂರಲಿಲ್ಲ ಎಂದೇ ಹೇಳಬೇಕು. ಕೂತು ಏಳುವುದು, ಎದ್ದು ಕೂರುವುದು. ಏರಿಯ ಆ ತುದಿಯಲ್ಲಿ ಅವಳ ಕೆಂಪು ಬನಿಯನ್ ಒಬ್ಬರನ್ನು ದಾಟಿತು, ಆಮೇಲೆ ಇನ್ನೊಬ್ಬರನ್ನು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದ.  ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದ, ‘ಮಾಸ್ತರ್ರ, ಕಲಬುರಗ್ಯಾಗ ಹೆಣ್ಣುಮಕ್ಕಳು ಇರಾಕ ಹಾಸ್ಟೆಲ್ ಅದ ಇಲ್ರಿ?’

‘ಅದ’ ಎಂದೆ. ಅಷ್ಟು ಹೊತ್ತಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅವಳು ಬಂದಳು. ನಮ್ಮ ತಂಡ ಗೆಲ್ಲಲಿಲ್ಲ, ಗೆಲ್ಲುವ ಮಾತೂ ಇರಲಿಲ್ಲ. ಗೆರೆ ದಾಟಿದವಳೇ ಮಂಡಿಯ ಮೇಲೆ ಕೈಯೂರಿ ಬಾಗಿ ನಿಂತಳು. ಬೆನ್ನು ಏರಿಳಿಯುತ್ತಿತ್ತು. ಅಪ್ಪ ಎರಡು ಹೆಜ್ಜೆಯಲ್ಲಿ ಅವಳ ಮುಂದೆ ಹೋಗಿ ಕೈ ಚಾಚಿದ. ಚಾಚಿದವನು ತಟ್ಟನೆ ನಿಂತ. ಕೈಗಳು ಹಾಗೇ ಗಾಳಿಯಲ್ಲಿ ನಿಂತವು. ತಿರುಗಿ ಮೀಸೆಯ ರೆಫರಿಯನ್ನು ನೋಡಿದ, ನನ್ನನ್ನು ನೋಡಿದ.

‘ಈಗರ ಕೈ ಹಚ್ಚಬೌದೇನ್ರಿ?’